ತಣಿಸಿದ ಮದ್ದು

ಕೋಲಾರ
9 ಜೂನ್ 2024

ಬಚ್ಚಪ್ಪ ದೊಡ್ಡಪ್ಪನಿಗೆ ರಂಜಿತಳ ನಮಸ್ಕಾರ.

ಯಾವ ರಂಜಿತ ಎಂದು ತಲೆ ಕೆರೆದುಕೊಳ್ಳಬೇಡಿ. ಟೇಕಲ್ ಹತ್ತಿರದ ನಮ್ಮೂರಿನ ಮುನಿಕೃಷ್ಣನ ಮಗಳು. ನೀವು ಮತ್ತು ಅಪ್ಪ ಕ್ವಾರಿಯಿಂದ ಒಟ್ಟಿಗೆ ಬರುತ್ತಿದ್ದಿರಿ. ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸಿ, ಇಳಿಯದೆ, "ಭಾರತಮ್ಮ, ಏನ್ ಸಾರಮ್ಮ ಇವತ್ತು?" ಎಂದು ಕೂಗುತ್ತಿದ್ದಿರಿ. ಹುಳಿಸೊಪ್ಪು ಎಂದರೆ ಇಳಿಯುತ್ತಿದ್ದಿರಿ, ಬೇರೇನಾದರೂ ಆದರೆ ಹೊರಟೇಬಿಡುತ್ತಿದ್ದಿರಿ.

ಹೋದ ತಿಂಗಳು ಶ್ರೀನಿವಾಸಪುರದ ಒಂದು ಮದುವೆಯಲ್ಲಿ ನಿಮ್ಮ ಮಗಳು ರಾಧಕ್ಕ ಸಿಕ್ಕಿದ್ದಳು. ನೀವೀಗ ನಂಗಲಿಯಲ್ಲಿ ಅವಳ ಮನೆಯಲ್ಲಿದ್ದೀರಿ, ಎರಡೂ ಕಿವಿ ಹೋಗಿ ಫೋನು ಮುಟ್ಟುವುದನ್ನೇ ಬಿಟ್ಟಿದ್ದೀರಿ, ಆದರೆ ಪೇಪರಿನ ಒಂದಕ್ಷರ ಬಿಡದೆ ಓದುತ್ತೀರಿ ಎಂದಳು. "ಮೆಸೇಜು ಗಿಸೇಜು ಅಪ್ಪಂಗೆ ಆಗಲ್ಲ ಕಣೇ. ಕಾಗದ ಬರಿ, ಖುಷಿ ಪಡ್ತಾರೆ" ಎಂದು ವಿಳಾಸ ಕೊಟ್ಟಳು. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಕೋಲಾರದಲ್ಲಿ ರೂಮು ಮಾಡಿಕೊಂಡಿದ್ದೇನೆ. ಕ್ವಾರಿ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುವ ಸಣ್ಣದೊಂದು ಸಂಸ್ಥೆಯಲ್ಲಿ ಕೆಲಸ. ವಾರಕ್ಕೊಮ್ಮೆ ಮಾಲೂರು ಕಡೆ ಹೋಗಿ ತರಗತಿ ಮಾಡುತ್ತೇವೆ. ಇಂಗ್ಲಿಷಿನಲ್ಲಿರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲಾ ಸಾಗಿತು, ಒಂದೇ ಒಂದು ಕ್ರಿಯಾಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಬತ್ತಿ ಹಚ್ಚಿದ ಮೇಲೂ ಮದ್ದು ಸಿಡಿಯದೆ ಬಂಡೆಯ ತೂತಿನಲ್ಲೇ ಉಳಿದರೆ, ಅದರಿಂದ ಅಪಾಯವಾಗದಂತೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಡಿಫ್ಯೂಸ್ ಎನ್ನುತ್ತಾರೆ. ನಾನು ನಿಘಂಟು ನೋಡಿ "ನಿಷ್ಕ್ರಿಯಗೊಳಿಸು" ಎಂದು ಬರೆದೆ. ತರಗತಿಯಲ್ಲಿ ಓದಿದಾಗ ಹಿಂದಿನ ಸಾಲಿನವರೊಬ್ಬರು ಕೈಯೆತ್ತಿ, "ಮೇಡಂ, ನಿಷ್ಕ್ರಿಯ ಅಂದ್ರೆ ಕೆಲ್ಸ ಇಲ್ದೆ ಮನೇಲ್ ಕುಂತಿರೋದಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಕೆಲಸ ಇಲ್ಲದೆ ಕೂತಿರುವುದು ಯಾವಾಗ ಬೇಕಾದರೂ ಎದ್ದು ಕೆಲಸಕ್ಕೆ ಹೋಗಬಹುದಲ್ಲ.

ನೀವು ಮೂವತ್ತು ವರ್ಷ ಮದ್ದು ಹೊಡೆದವರು, ಲೈಸೆನ್ಸು ಇದ್ದವರು. ನೀವೂ ಅಪ್ಪನೂ ಇದಕ್ಕೆ ಏನನ್ನುತ್ತಿದ್ದಿರಿ? ಅಪ್ಪ ಹೋದಾಗ ನಾನು ಎಂಟನೇ ಕ್ಲಾಸು. ಅವನ ಮಾತುಗಳಲ್ಲಿ ನನಗೆ ಉಳಿದಿರುವುದು ಊಟಕ್ಕೆ ಕರೆದದ್ದು, ಬೈದದ್ದು ಅಷ್ಟೇ. ಅವನ ಕೆಲಸದ ಮಾತು ಒಂದೂ ಇಲ್ಲ.

ಉತ್ತರಕ್ಕೆ ಕಾಯುತ್ತೇನೆ.

ನಿಮ್ಮ ಮಗಳ ಸಮಾನಳಾದ
ರಂಜಿತ

•

ನಂಗಲಿ
2 ಜುಲೈ 2024

ಮಗಳೇ ರಂಜಿತ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಪೋಸ್ಟ್‌ಮ್ಯಾನು ಕೈಗೇ ಕೊಟ್ಟ. ನನಗೆ ಕಾಗದ ಬರುವುದು ಬ್ಯಾಂಕಿನಿಂದ ಮಾತ್ರ, ಇದೂ ಅದೇ ಎಂದುಕೊಂಡು ಕಿಟಕಿಯಲ್ಲಿಟ್ಟಿದ್ದೆ. ಸಾಯಂಕಾಲ ನೋಡಿದರೆ ಮುನಿಕೃಷ್ಣನ ಹೆಸರು. ಎರಡು ಸಲ ಓದಿದೆ.

ನಾವು ಇಲ್ಲಿ ಚೆನ್ನಾಗಿದ್ದೇವೆ. ಅಳಿಯ ವೆಂಕಟ್ ಹೈವೇ ಪಕ್ಕದಲ್ಲಿ ಲಾರಿ ಟೈರಿನ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಾನು ಬೆಳಗ್ಗೆ ಹೋಗಿ ಕೂರುತ್ತೇನೆ. ಆಂಧ್ರದ ಲಾರಿಯವರು ಏನೋ ಕೇಳುತ್ತಾರೆ, ನಾನು ಅಳಿಯನ ಕಡೆ ಕೈ ತೋರಿಸುತ್ತೇನೆ. ಇಷ್ಟು ಗದ್ದಲದ ರಸ್ತೆ ನನಗೆ ಗುಡಿಯ ಹಾಗೆ. ದೊಡ್ಡ ಲಾರಿ ಹತ್ತಿರ ಬಂದರೆ ಮಾತ್ರ ಪಾದಕ್ಕೆ ಗೊತ್ತಾಗುತ್ತದೆ.

ನೀನು ಪಾಠ ಹೇಳುವ ಕೆಲಸಕ್ಕೆ ಸೇರಿದ್ದು ಒಳ್ಳೆಯದಾಯಿತು. ಅವರಿಗೆ ಹೇಳು: ಮದ್ದಿನ ಹತ್ತಿರ ಬೀಡಿ ಬೇಡ. ಕೇಪನ್ನು ಹಲ್ಲಲ್ಲಿ ಕಚ್ಚಬೇಡಿ. ಕೇಪು ಎಂದರೆ ಬತ್ತಿಯ ತುದಿಗೆ ಸಿಕ್ಕಿಸುವ ಆ ಸಣ್ಣ ಕೊಳವೆ, ಮದ್ದನ್ನು ಎಬ್ಬಿಸುವುದು ಅದೇ. ನಮ್ಮ ಕಾಲದಲ್ಲಿ ಹಲ್ಲಲ್ಲಿ ಕಚ್ಚಿ ಬಿಗಿ ಮಾಡುತ್ತಿದ್ದರು. ತುಟಿ ಹೋದವರನ್ನು ಕಂಡಿದ್ದೇನೆ. ಹಚ್ಚಿದ ಮೇಲೆ ಸದ್ದುಗಳನ್ನು ಎಣಿಸಬೇಕು. ಒಂಬತ್ತು ತೂತಿಗೆ ಒಂಬತ್ತು ಸದ್ದು. ಕಮ್ಮಿ ಬಂದರೆ ಅರ್ಧ ಗಂಟೆ ಯಾರೂ ಅಲುಗಬಾರದು.

ನೀನು ಕೇಳಿದ ಮಾತಿನ ವಿಷಯ. ಓದಿದವರು ಬರೆದ ಮಾತೇ ಇರಲಿ. ಅರ್ಥವಾಗದಿದ್ದರೆ ಅವರು ಕೇಳಿ ತಿಳಿದುಕೊಳ್ಳುತ್ತಾರೆ. ಕ್ವಾರಿಯ ಮಾತು ಪುಸ್ತಕಕ್ಕೆ ಬೇಡ.

ನಿಮ್ಮಮ್ಮ ಹೇಗಿದ್ದಾಳೆ? ನಾನು ಕೇಳಿದೆ ಎಂದು ಹೇಳಬೇಡ.

ಬಚ್ಚಪ್ಪ

•

ಕೋಲಾರ
14 ಜುಲೈ 2024

ದೊಡ್ಡಪ್ಪನಿಗೆ ನಮಸ್ಕಾರ.

ಇಷ್ಟು ದೊಡ್ಡ ಕಾಗದ ಬರೆದು, ಕೇಳಿದ್ದೊಂದನ್ನೇ ಬಿಟ್ಟಿದ್ದೀರಿ. ಪರವಾಗಿಲ್ಲ, ನನಗೆ ಬೇರೆ ಕಡೆ ಸಿಕ್ಕಿತು. ಮೊನ್ನೆ ತರಗತಿ ಮುಗಿದ ಮೇಲೆ ಒಬ್ಬ ವಯಸ್ಸಾದವರ ಹತ್ತಿರ ಕೇಳಿದೆ. "ನಾವು ತಣಿಸೋದು ಅಂತೀವಮ್ಮ. ನೀರು ಬಿಟ್ಟು ಮದ್ದು ತಣಿಸೋದು" ಎಂದರು. ಎಷ್ಟು ಚೆಂದದ ಮಾತು! ನಿಷ್ಕ್ರಿಯಗೊಳಿಸು ಎಲ್ಲಿ, ತಣಿಸು ಎಲ್ಲಿ. ಹಸಿವು ತಣಿಸುತ್ತೇವೆ, ಕೋಪ ತಣಿಸುತ್ತೇವೆ, ಹಾಗೆಯೇ ಮದ್ದನ್ನೂ. ಕೈಪಿಡಿಯಲ್ಲಿ ಹನ್ನೊಂದು ಕಡೆ ಅದನ್ನೇ ಹಾಕಿದ್ದೇನೆ. ನಮ್ಮ ಮೇಲಿನವರಿಗೂ ಹಿಡಿಸಿತು. ಆಗಸ್ಟ್ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ, ಎರಡು ಸಾವಿರ ಪ್ರತಿ. ಇದೇ ಮಾತನ್ನು ಅಪ್ಪನೂ ಹೇಳುತ್ತಿದ್ದನಾ? ಹೌದು ಎಂದು ಒಂದು ಸಾಲು ಬರೆದರೆ ಸಾಕು, ನನಗೆ ಸಮಾಧಾನ.

ಅಮ್ಮನ ವಿಷಯ ಕೇಳಿದ್ದೀರಿ. ಹಿಪ್ಪುನೇರಳೆ ತೋಟ, ಹುಳು ಮನೆ ಎಂದು ಓಡಾಡಿಕೊಂಡಿದ್ದಾಳೆ. ತಮ್ಮ ವೇಣು ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಅಮ್ಮ ನಗುವುದು ಕಮ್ಮಿ. ಅದು ಅಪ್ಪ ಹೋದದ್ದರಿಂದ ಮಾತ್ರವಲ್ಲ. ಆ ದಿನ ಅಪ್ಪನ ಜೊತೆ ಡ್ರಿಲ್ಲಿನ ರಾಡು ಹಿಡಿದಿದ್ದ ಕದಿರೇಶಣ್ಣನಿಗೆ ಎರಡೂ ಕಣ್ಣು ಹೋಯಿತಲ್ಲ, ಅವರ ಮನೆ ನಮ್ಮ ಬೀದಿಯಲ್ಲೇ ಇದೆ. ಅವರ ಹೆಂಡತಿ ಮುನಿಶಾಮಮ್ಮ ಹನ್ನೆರಡು ವರ್ಷದಿಂದ ಅಮ್ಮನ ಜೊತೆ ಮಾತಾಡಿಲ್ಲ. ಒಂದು ಸಲ ಮಾತ್ರ ನಲ್ಲಿಯ ಹತ್ತಿರ, ಎಲ್ಲರ ಎದುರಿಗೆ, "ನಿನ್ ಗಂಡನ ಅವಸರಕ್ಕೆ ನನ್ ಗಂಡನ್ ಕಣ್ಣು ಹೋಯ್ತು" ಎಂದರು. ಅಮ್ಮ ಕೊಡ ಎತ್ತಿಕೊಂಡು ಬಂದಳು. ಈಗಲೂ ಅವರು ಬರುವುದು ಕಂಡರೆ ಅಮ್ಮ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಇವಳೇ ಮಾಡಿದ ತಪ್ಪು ಎನ್ನುವ ಹಾಗೆ.

ನಾನಂತೂ ತರಗತಿಯಲ್ಲಿ ಮುಚ್ಚಿಡುವುದಿಲ್ಲ. "ನಮ್ಮಪ್ಪ ಸೀನಿಯರ್ ಹೇಳಿದ ಮಾತು ಕೇಳದೆ, ಅವಸರಪಟ್ಟು ಸಿಡಿಯದ ತೂತಿಗೆ ಡ್ರಿಲ್ ಇಟ್ಟ. ನೀವು ಹಾಗೆ ಮಾಡಬೇಡಿ" ಎಂದೇ ಪಾಠ ಶುರು ಮಾಡುತ್ತೇನೆ.

ಬೇಗ ಬರೆಯಿರಿ.

ರಂಜಿತ

•

ನಂಗಲಿ
19 ಜುಲೈ 2024

ರಂಜಿತ,

ಅಚ್ಚು ನಿಲ್ಲಿಸು. ತಣಿಸು ಎನ್ನುವ ಮಾತನ್ನು ಹನ್ನೊಂದು ಕಡೆಯೂ ತೆಗೆದುಹಾಕು. ಯಾರು ಏನೇ ಅಂದರೂ ಹಾಕಬೇಡ. ಕಾರಣ ಬರೆಯುತ್ತೇನೆ. ಇವತ್ತು ಕೈ ಬರುತ್ತಿಲ್ಲ.

ನಿಮ್ಮಪ್ಪನ ವಿಷಯ ಆ ರೀತಿ ಪಾಠ ಹೇಳುವುದನ್ನೂ ನಿಲ್ಲಿಸು.

ಬಚ್ಚಪ್ಪ

•

ನಂಗಲಿ
11 ಆಗಸ್ಟ್ 2024

ರಂಜಿತ,

ನೀನು ಅಚ್ಚು ನಿಲ್ಲಿಸಿದೆ ಎಂದು ರಾಧಾಳ ಫೋನಿಗೆ ಹೇಳಿದೆಯಂತೆ. ಕಾರಣ ಬೇಕು ಎಂದೂ ಹೇಳಿದೆಯಂತೆ. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಹರಿಯುವುದಕ್ಕೆ ಮುಂಚೆ ಪೋಸ್ಟ್ ಡಬ್ಬಕ್ಕೆ ಹಾಕುತ್ತೇನೆ.

2012ರ ಫೆಬ್ರವರಿ. ಹಿಂದಿನ ದಿನ ಸಾಯಂಕಾಲ ಒಂಬತ್ತು ತೂತಿಗೆ ಮದ್ದು ತುಂಬಿ ಹಚ್ಚಿದೆ. ಎಂಟು ಸದ್ದು ಬಂತು. ನಾನು ಸರಿಯಾಗಿಯೇ ಎಣಿಸಿದೆ, ಆಗ ಕಿವಿ ಚೆನ್ನಾಗಿತ್ತು. ಅಂಚಿನ ತೂತು ಉಳಿದಿತ್ತು. ಅದಕ್ಕೆ ಒಂದೇ ದಾರಿ. ಪಕ್ಕದಲ್ಲಿ, ಒಂದೂವರೆ ಅಡಿ ಬಿಟ್ಟು, ಇನ್ನೊಂದು ತೂತು ಕೊರೆದು ಸಿಡಿಸಬೇಕು. ಅದು ಸಿಡಿದರೆ ಇದೂ ಹೋಗುತ್ತದೆ. ಮ್ಯಾನೇಜರ್ ಕಾಂತರಾಜ್ ಬೇಡವೆಂದ. "ಅಲ್ಲಿ ಇನ್ನೊಂದು ತೂತು ಹೊಡೆದ್ರೆ ಕಲ್ಲು ಸೀಳ್ ಬಿಡುತ್ತೆ, ಇಡೀ ಬ್ಲಾಕು ವೇಸ್ಟು. ನೀರು ಬಿಟ್ಟು ತಣಿಸಯ್ಯಾ, ಸಾಕು" ಎಂದ. ನಾನು ತೂತಿನ ಬಾಯಿಯ ಮಣ್ಣು ಕೆದಕಿ ಎರಡು ಕೊಡ ನೀರು ಬಿಟ್ಟೆ. ಮೇಲಿನ ಮದ್ದು ಅಂಬಲಿಯ ಹಾಗೆ ಆಯಿತು. ತಳದಲ್ಲಿ ಕೇಪು ಇತ್ತು. ನೀರಿಗೆ ಮದ್ದು ನೆನೆಯುತ್ತದೆ, ಕೇಪು ನೆನೆಯುವುದಿಲ್ಲ. ಇದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಎಷ್ಟೋ ಸಲ ಹಾಗೆ ಮಾಡಿ ಏನೂ ಆಗಿರಲಿಲ್ಲ. ರಿಜಿಸ್ಟರಿನಲ್ಲಿ "ಒಂದು ಉಳಿದಿದೆ, ತಣಿಸಲಾಗಿದೆ" ಎಂದು ಬರೆದು ಸಹಿ ಹಾಕಿ ಮನೆಗೆ ಹೋದೆ.

ಬೆಳಗ್ಗೆ ಮುನಿಕೃಷ್ಣ ಡ್ರಿಲ್ ಎತ್ತಿಕೊಂಡು ಬಂದ. ಅವನು ಅವಸರದವನಲ್ಲ. ನಾನು ಕಂಡವರಲ್ಲಿ ಅವನಷ್ಟು ನಿಧಾನದವನಿಲ್ಲ. ಆ ತೂತಿನ ಹತ್ತಿರ ನಿಂತು ನನ್ನ ಕಡೆ ತಿರುಗಿ ಕೇಳಿದ. ನಾವಿಬ್ಬರೂ ತೆಲುಗಿನಲ್ಲೇ ಮಾತಾಡುತ್ತಿದ್ದೆವು, ನಿನಗೆ ನೆನಪಿರಬೇಕು. "ಏಮನ್ನಾ, ಇದಿ?" ಅಂದ, ಏನಣ್ಣ ಇದು ಎಂದು. ನಾನು, "ಸಲ್ಲಾರ್ಚಿನಾನ್ಲೇ, ಪೋ" ಅಂದೆ. ತಣಿಸಿದ್ದೀನಿ ಬಿಡು, ಹೋಗು ಎಂದು. ಅಷ್ಟೇ ಮಾತು. ಅವನು ತಲೆಯಾಡಿಸಿದ. ನನ್ನ ಮಾತಿನ ಮೇಲೆ ಇನ್ನೊಂದು ಮಾತು ಕೇಳುವವನಲ್ಲ. ಕೊರೆದ ತೂತು ವ್ಯರ್ಥವಾಗುವುದು ಬೇಡವೆಂದು ಅದರೊಳಕ್ಕೇ ಡ್ರಿಲ್ಲಿನ ರಾಡು ಇಳಿಸಿದ. ಕದಿರೇಶ ಹಿಡಿದುಕೊಂಡ. ನಾನು ನಲವತ್ತು ಹೆಜ್ಜೆ ದೂರದಲ್ಲಿದ್ದೆ.

ಸಾಹೇಬರು ತನಿಖೆಗೆ ಬರುವುದಕ್ಕೆ ಮುಂಚೆ ಕಾಂತರಾಜ್ ರಿಜಿಸ್ಟರಿನ ಹಾಳೆ ಕಿತ್ತು ಹೊಸದಾಗಿ ಬರೆದ. "ಆ ತೂತಿನ ಹತ್ತಿರ ಹೋಗಬೇಡ ಎಂದು ಬಚ್ಚಪ್ಪ ಎಚ್ಚರಿಸಿದ್ದರೂ ಮುನಿಕೃಷ್ಣ ಅವಸರದಿಂದ" ಎಂದು. ನನ್ನ ಮುಂದೆ ಹಿಡಿದ. "ನಿಂಗೆ ಮಗಳಿದಾಳೆ, ಲೈಸೆನ್ಸು ಹೋಗುತ್ತೆ, ಜೈಲೂ ಆಗ್ಬೋದು. ಸತ್ತೋನು ಸತ್ತ" ಎಂದ. ನಾನು ಸಹಿ ಹಾಕಿದೆ. ಹೆದರಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಹೇಳುವುದಕ್ಕೆ ಮುಂಚೆಯೇ ನನ್ನ ಮನಸ್ಸಿನಲ್ಲಿ ಅದೇ ಇತ್ತು.

ತಣಿಸಿದ್ದು ಮತ್ತೆ ಕಾಯುತ್ತದೆ ರಂಜಿತ. ಕೋಪ, ಹಸಿವು ಯಾವುದಾದರೂ ಸರಿ. ಮದ್ದಿಗೆ ಆ ಮಾತು ಇಟ್ಟವರು ಯಾರೋ ಗೊತ್ತಿಲ್ಲ. ಕೇಳಿದವರಿಗೆ ಧೈರ್ಯ ಬರುತ್ತದೆ. ಆ ಧೈರ್ಯದಲ್ಲೇ ನಿಮ್ಮಪ್ಪ ಹೋದ.

ನಿಮ್ಮಮ್ಮನಿಗೆ ಮುನಿಶಾಮಮ್ಮ ಹಾಗೆ ಅಂದದ್ದು ನನಗೆ ತಿಳಿದಿರಲಿಲ್ಲ. ಮುನಿಕೃಷ್ಣ ಹೋದ ವರ್ಷವೇ ಊರು ಬಿಟ್ಟೆನಲ್ಲ. ತಿಳಿದಿದ್ದರೆ ಹೇಳುತ್ತಿದ್ದೆನಾ? ಅದೂ ಗೊತ್ತಿಲ್ಲ.

ಬಚ್ಚಪ್ಪ

•

ನಂಗಲಿ
15 ಸೆಪ್ಟೆಂಬರ್ 2024

ರಂಜಿತ,

ನಾನು ರಾಧಾ. ನಿನಗೆ ಆರು ಸಲ ಫೋನ್ ಮಾಡಿದೆ, ತೆಗೆಯುತ್ತಿಲ್ಲ. ಅದಕ್ಕೇ ಅಪ್ಪನ ಹಾಗೆ ಕಾಗದ ಬರೆಯುತ್ತಿದ್ದೇನೆ.

ನೀವಿಬ್ಬರೂ ಏನು ಬರೆದುಕೊಂಡಿರೋ ನನಗೆ ಗೊತ್ತಿಲ್ಲ. ಅಪ್ಪ ತೋರಿಸುವುದಿಲ್ಲ. ಒಂದು ತಿಂಗಳಿಂದ ಒಂದು ಹೊತ್ತು ಮುದ್ದೆ ತಿಂದರೆ ಹೆಚ್ಚು. ಅಂಗಡಿಗೆ ಹೋಗುವುದನ್ನು ಬಿಟ್ಟರು. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ. ಅವನು ಕೈಯಾಡಿಸಿ ಹೋದ ಮೇಲೂ ನಿಂತೇ ಇರುತ್ತಾರೆ. ಮೊನ್ನೆ ನನ್ನ ಯಜಮಾನರು ಸ್ಲೇಟಿನಲ್ಲಿ "ಏನಾಯ್ತು ಮಾವ?" ಎಂದು ಬರೆದು ತೋರಿಸಿದರು. ಅಪ್ಪ ಅದನ್ನು ಬಟ್ಟೆಯಲ್ಲಿ ಒರೆಸಿ ವಾಪಸ್ಸು ಕೊಟ್ಟರು.

ವಿಳಾಸ ಕೊಟ್ಟವಳು ನಾನೇ. ಖುಷಿ ಪಡುತ್ತಾರೆ ಎಂದುಕೊಂಡೆ. ಅವರಿಗೆ ಎಪ್ಪತ್ತು ದಾಟಿದೆ ಕಣೇ. ಹಳೆಯದು ಏನಿದ್ದರೂ ಬಿಟ್ಟುಬಿಡು. ಇಲ್ಲ ಒಂದು ಉತ್ತರ ಹಾಕು, ಬೈದಾದರೂ ಹಾಕು. ಸುಮ್ಮನಿರಬೇಡ.

ರಾಧಾ

•

ಕೋಲಾರ
3 ಅಕ್ಟೋಬರ್ 2024

ಬಚ್ಚಪ್ಪನವರಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲಿ ನಿಮ್ಮನ್ನು ಏನೆಂದು ಕರೆಯುವುದು ಎಂಬಲ್ಲೇ ನಿಲ್ಲುತ್ತಿತ್ತು. ಕ್ಷಮಿಸಿ, ಹಳೆಯ ಹೆಸರು ಬರುತ್ತಿಲ್ಲ.

ನಿಮ್ಮ ಕಾಗದವನ್ನು ನಾನು ಓದಿದ್ದು ಮಾಲೂರಿನ ಬಸ್ ಸ್ಟ್ಯಾಂಡಿನಲ್ಲಿ, ತರಗತಿಗೆ ಹೋಗುವ ದಾರಿಯಲ್ಲಿ. ಮುಗಿಸಿ ತರಗತಿಗೆ ಹೋದೆ. ನಲವತ್ತು ಜನ ಕೂತಿದ್ದರು. ಎಂದಿನಂತೆ ಅಪ್ಪನಿಂದ ಶುರು ಮಾಡಬೇಕು. ಅಪ್ಪನ ಹೆಸರು ಹೇಳಿ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. "ಮೇಡಂಗೆ ಹುಷಾರಿಲ್ಲ" ಎಂದು ಯಾರೋ ನೀರು ತಂದುಕೊಟ್ಟರು.

ಎರಡು ವರ್ಷದಿಂದ ಎಷ್ಟು ತರಗತಿ, ಎಷ್ಟು ಜನ? ಪ್ರತಿಯೊಂದರಲ್ಲೂ ನಾನು ನನ್ನ ಅಪ್ಪನನ್ನು ನಿಲ್ಲಿಸಿ, ನೋಡಿ ಇವನು ಅವಸರದವನು, ಮಾತು ಕೇಳದವನು ಎಂದು ತೋರಿಸಿದ್ದೇನೆ. ನೀವು ಸಹಿ ಮಾಡಿದ್ದು ಒಂದು ಸಲ. ನಾನು ನೂರು ಸಲ ಮಾಡಿದ್ದೇನೆ. ನನಗೆ ತಿಳಿದಿರಲಿಲ್ಲ ಎಂದು ಹೇಳಿಕೊಂಡರೂ ಸಮಾಧಾನ ಆಗುತ್ತಿಲ್ಲ.

ಅಮ್ಮನಿಗೆ ಹೇಳಿಲ್ಲ. ಊರಿಗೆ ಮೂರು ಸಲ ಹೋಗಿಬಂದೆ. ಒಂದು ದಿನ ಬೀದಿಯಲ್ಲಿ ಮುನಿಶಾಮಮ್ಮ ಕದಿರೇಶಣ್ಣನ ಕೈ ಹಿಡಿದು ಬರುತ್ತಿದ್ದರು. ಅಮ್ಮ ಎಂದಿನಂತೆ ಗೋಡೆಗೆ ಸರಿದು ನಿಂತಳು, ತಲೆ ತಗ್ಗಿಸಿ. ನಾನು ಅಮ್ಮನ ತೋಳು ಹಿಡಿದು ಎಳೆದೆ. "ಯಾಕೆ ಸರೀತೀಯ? ನಿಂತ್ಕೊ ನೆಟ್ಟಗೆ" ಎಂದು ಕೂಗಿದೆ. ಅಮ್ಮ ನನ್ನನ್ನು ದುರುಗುಟ್ಟಿ ನೋಡಿ, "ನಿಂಗೇನ್ ಗೊತ್ತೇ, ಸುಮ್ನಿರು" ಎಂದಳು.

ನೀವು ನನಗೆ ಬರೆದು ಹಗುರವಾಗಿದ್ದೀರಿ ಎಂದುಕೊಂಡಿದ್ದೆ. ರಾಧಕ್ಕನ ಕಾಗದ ನೋಡಿದರೆ ಹಾಗಿಲ್ಲ ಅನ್ನಿಸುತ್ತದೆ. ನನಗೆ ಅದರಿಂದ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಆದರೆ ಒಂದು ತಿಳಿದಿದೆ. ಇದು ನನಗೆ ಹೇಳಬೇಕಾದದ್ದಲ್ಲ. ನನ್ನ ಬಾಯಿಂದ ಅಮ್ಮನಿಗೆ ಹೋಗಬೇಕಾದದ್ದೂ ಅಲ್ಲ. ನೀವು ಬರಬೇಕು. ಅಮ್ಮನಿಗೆ, ಕದಿರೇಶಣ್ಣನಿಗೆ, ಮುನಿಶಾಮಮ್ಮನಿಗೆ, ನಿಮ್ಮ ಬಾಯಿಂದ, ಬೀದಿಯಲ್ಲಿ ನಿಂತು ಹೇಳಬೇಕು. ನೀವು ಬರದಿದ್ದರೆ ನಾನು ಏನೂ ಮಾಡುವುದಿಲ್ಲ. ಕೇಸು, ಕಛೇರಿ ಯಾವುದೂ ಇಲ್ಲ. ನಿಮ್ಮ ಕಾಗದ ನನ್ನ ಪೆಟ್ಟಿಗೆಯಲ್ಲೇ ಇರುತ್ತದೆ. ಅಮ್ಮ ಹೀಗೆ ಗೋಡೆಗೆ ಸರಿಯುತ್ತಲೇ ಸಾಯುತ್ತಾಳೆ, ಅಷ್ಟೆ.

ಊಟ ಮಾಡಿ.

ರಂಜಿತ

•

ನಂಗಲಿ
17 ಜನವರಿ 2025

ರಂಜಿತ,

ಮನೆ ಸೇರಿದೆ. ಬಂಗಾರಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಚಳಿ ಹತ್ತಿ ಎರಡು ದಿನ ಜ್ವರ. ಈಗ ಪರವಾಗಿಲ್ಲ. ಮನೆಯಲ್ಲಿ ರಾಧಾಳಿಗೂ ವೆಂಕಟನಿಗೂ ಎಲ್ಲಾ ಹೇಳಿದೆ. ರಾಧಾ ನನ್ನ ಜೊತೆ ಮಾತಾಡುತ್ತಿಲ್ಲ. ನನಗೆ ಹೇಗೂ ಕೇಳಿಸುವುದಿಲ್ಲ, ಆದರೂ ಮಾತಾಡದೆ ಇರುವುದು ಗೊತ್ತಾಗುತ್ತದೆ.

ನಿನಗೆ ಇದನ್ನು ಬರೆಯುವ ಕಾರಣ ಬೇರೆ. ಭಾನುವಾರ ನಾನು ಊರಿಗೆ ಬಂದೆ. ಕದಿರೇಶನ ಮನೆ ಮುಂದಿನ ಜಗಲಿಯಲ್ಲಿ ನಿಂತು ಹೇಳಿದೆ. ನನ್ನ ಧ್ವನಿ ಎಷ್ಟು ಜೋರಾಗಿತ್ತೋ ನನಗೆ ತಿಳಿಯದು, ಅಕ್ಕಪಕ್ಕದವರೆಲ್ಲ ಬಂದು ನಿಂತರು. ಹೇಳಿ ಮುಗಿಸಿದ ಮೇಲೆ ನೀವೆಲ್ಲರೂ ಮಾತಾಡಿದಿರಿ. ತುಟಿ ಆಡಿದ್ದು ಕಂಡೆ. ಮುನಿಶಾಮಮ್ಮ ಎದೆ ಬಡಿದುಕೊಂಡಳು. ಕದಿರೇಶ ಏನೋ ಅಂದ, ಅದಕ್ಕೆ ಒಬ್ಬಿಬ್ಬರು ನಕ್ಕ ಹಾಗೆ ಕಾಣಿಸಿತು. ನಿನ್ನ ತಮ್ಮ ನನ್ನ ಕಡೆ ಬಂದ, ಯಾರೋ ತಡೆದರು. ನಿಮ್ಮ ಮನೆ ಬಾಗಿಲಲ್ಲಿ ಕೂತಿದ್ದ ನಿಮ್ಮಮ್ಮ ಕೊನೆಗೆ ನನ್ನನ್ನು ನೋಡಿ ಎರಡೋ ಮೂರೋ ಮಾತು ಅಂದಳು. ಅಷ್ಟರಲ್ಲಿ ನೀನು ನನ್ನ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ. ನಿನ್ನನ್ನು ಕೇಳೋಣ ಅಂದರೆ ನೀನು ಮುಖ ತಿರುಗಿಸಿಕೊಂಡಿದ್ದೆ.

ಅವರೆಲ್ಲ ಏನಂದರು? ಬೈದಿದ್ದರೆ ಬೈದ ಹಾಗೇ ಬರಿ. ಒಂದಕ್ಷರ ಬಿಡಬೇಡ.

ಬಚ್ಚಪ್ಪ

•

ಕೋಲಾರ
2 ಫೆಬ್ರವರಿ 2025

ಬಚ್ಚಪ್ಪನವರಿಗೆ,

ಬಿಡದೆ ಬರೆಯುತ್ತಿದ್ದೇನೆ.

ನಿಮ್ಮ ಧ್ವನಿ ಬಹಳ ಜೋರಾಗಿತ್ತು. ಮೂರನೇ ಬೀದಿಯವರೆಗೂ ಕೇಳಿಸಿತಂತೆ.

ಮುನಿಶಾಮಮ್ಮ ಮೊದಲು ನಿಮ್ಮನ್ನು ಬೈದರು. "ನಿನ್ ಬಾಯಿಗ್ ಮಣ್ ಬೀಳ, ಹನ್ನೆರಡು ವರ್ಷ ಎಲ್ಲಿದ್ಯೋ?" ಎಂದರು. ಆಮೇಲೆ ಎದೆ ಬಡಿದುಕೊಂಡದ್ದು ನಿಮಗಲ್ಲ. "ಅಯ್ಯೋ, ನಲ್ಲಿ ಹತ್ರ ಎಂಥಾ ಮಾತಂದೆ, ಎಂಥಾ ಮಾತಂದೆ" ಎಂದು ತಮಗೆ ತಾವೇ ಹೇಳಿಕೊಂಡು ಬಡಿದುಕೊಂಡರು.

ವೇಣು ನಿಮಗೆ ಹೊಡೆಯಲು ಬಂದದ್ದು ನಿಜ. ಬಾಯಲ್ಲಿ ಬಂದದ್ದನ್ನು ಬರೆಯುವುದಿಲ್ಲ, ಅದೊಂದಕ್ಕೆ ಕ್ಷಮಿಸಿ. ತಡೆದವಳು ನಾನೇ. ಯಾಕೆ ತಡೆದೆ ಎಂದು ಅವನು ಇನ್ನೂ ಕೇಳುತ್ತಿದ್ದಾನೆ.

ಕದಿರೇಶಣ್ಣ ಗೋಡೆಗೆ ಒರಗಿ ಕೂತೇ ಇದ್ದರು. ಎಲ್ಲರ ಗಲಾಟೆ ಮುಗಿದ ಮೇಲೆ, "ಇಷ್ಟ್ ದಿನ ಆ ಸತ್ತೋನ್ನ ಬೈಕೊಂಡ್ ಬಂದೆ. ಈಗ ಬೈಯಾಕೆ ಬದುಕಿರೋನೊಬ್ಬ ಸಿಕ್ಕವ್ನೆ ಅಂದ್ರೆ, ಅವ್ನಿಗೆ ಕಿವಿನೇ ಕೇಳಲ್ವಲ್ಲಪ್ಪ" ಎಂದರು. ನಕ್ಕದ್ದು ಅದಕ್ಕೇ. ಅವರೂ ನಕ್ಕರು. ಆಮೇಲೆ ಆ ನಗು ಬೇರೆ ಥರ ಆಯಿತು, ಮುನಿಶಾಮಮ್ಮ ಒಳಗೆ ಕರೆದುಕೊಂಡು ಹೋದರು.

ಮೂರು ದಿನದ ಮೇಲೆ, ನಾನಿನ್ನೂ ಊರಲ್ಲೇ ಇದ್ದಾಗ, ಬೆಳಗ್ಗೆ ಮುನಿಶಾಮಮ್ಮ ನಮ್ಮ ಮನೆಗೆ ಬಂದರು. ಹೊಸ್ತಿಲ ಹೊರಗೇ ನಿಂತರು. ಅಮ್ಮ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಮುನಿಶಾಮಮ್ಮ ಒಳಗೆ ಬಂದು ಇನ್ನೊಂದು ಕತ್ತಿ ತೆಗೆದುಕೊಂಡು ಎದುರಿಗೆ ಕೂತರು. ಮಧ್ಯಾಹ್ನದವರೆಗೂ ಕತ್ತರಿಸಿದರು. ಹೊರಡುವಾಗ, "ನಾಳೆ ಬರ್ತೀನಿ" ಎಂದರು. ಅಮ್ಮ "ಹೂಂ" ಎಂದಳು. ಎಲ್ಲಾ ಸರಿಹೋಯಿತು ಎಂದು ತಿಳಿಯಬೇಡಿ. ಸಾಯಂಕಾಲ ಅಮ್ಮ ನನಗೆ, "ಅವ್ಳಿಗೆ ಹನ್ನೆರಡು ವರ್ಷ ದಾರಿ ಬಿಟ್ನಲ್ಲೇ" ಎಂದು ಅತ್ತಳು. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅವತ್ತು ನೀವಾಗಿಯೇ ಬರೆದು ನನ್ನ ಕೈಗಿಟ್ಟ ಹೇಳಿಕೆಯನ್ನು, ಆಗ ತನಿಖೆ ಮಾಡಿದ ಕಛೇರಿಗೆ ಕೊಟ್ಟು ಬಂದೆ. ಇಷ್ಟು ಹಳೆಯ ಫೈಲು ತೆರೆಯುವುದು ಕಷ್ಟ ಎಂದರು, ತೆಗೆದುಕೊಂಡು ಸೀಲು ಹಾಕಿಕೊಟ್ಟರು. ಕಾಂತರಾಜ್ ಆ ಕ್ವಾರಿ ಬಿಟ್ಟು ತಮಿಳುನಾಡಿನ ಕಡೆ ಹೋಗಿ ವರ್ಷಗಳಾಗಿವೆ. ಆದದ್ದಾಗಲಿ. ಕೈಪಿಡಿಯಲ್ಲಿ ಆ ಕ್ರಿಯಾಪದವನ್ನೇ ತೆಗೆದುಬಿಟ್ಟೆ. ನಿಷ್ಕ್ರಿಯವೂ ಇಲ್ಲ, ತಣಿಸುವುದೂ ಇಲ್ಲ. ಹನ್ನೊಂದು ಕಡೆಯೂ ಉದ್ದುದ್ದ ಬರೆದಿದ್ದೇನೆ: ಸಿಡಿಯದ ಮದ್ದು ನೀರು ಬಿಟ್ಟರೂ ಜೀವಂತ. ಪಕ್ಕದಲ್ಲಿ ಬೇರೆ ತೂತು ಕೊರೆದು ಸಿಡಿಸಿ, ಸದ್ದು ಕೇಳಿ, ಕಣ್ಣಲ್ಲಿ ನೋಡುವವರೆಗೂ ಜೀವಂತ. ಯಾರು ಏನೇ ಹೇಳಿದರೂ ಜೀವಂತ. ಪುಟ ಹೆಚ್ಚಾಯಿತು ಎಂದು ಮೇಲಿನವರು ಗೊಣಗಿದರು. ತರಗತಿಯಲ್ಲಿ ಅಪ್ಪನ ವಿಷಯ ಈಗಲೂ ಹೇಳುತ್ತೇನೆ. ಡ್ರಿಲ್ ಇಡುವ ಮುಂಚೆ ನಿಂತು ಕೇಳಿದವನು ಎಂದು ಹೇಳುತ್ತೇನೆ. ಯಾರು ಏನು ಉತ್ತರ ಕೊಟ್ಟರು ಎಂಬುದನ್ನೂ ಹೇಳುತ್ತೇನೆ, ಹೆಸರು ಹೇಳುವುದಿಲ್ಲ.

ಇನ್ನು ಅಮ್ಮ. ಅವತ್ತು ನಿಮ್ಮನ್ನು ನೋಡಿ ಅವಳು ಅಂದದ್ದು ಇದು: "ಮನೆಗ್ ಬಂದೋರ್ಗೆ ಉಂಡ್ ಹೋಗು ಅನ್ಬೇಕು. ಬಾಯ್ ಬರ್ತಿಲ್ಲ."

ಮೊನ್ನೆ ಊರಿಗೆ ಹೋದಾಗ ಅಮ್ಮನಿಗೆ ನಿಮ್ಮ ಕಾಗದವನ್ನು ಓದಿ ಹೇಳಿದೆ. ನಿಮಗೆ ಜ್ವರ ಬಂದದ್ದನ್ನೂ ಹೇಳಿದೆ. ಅಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು, ಪಕ್ಕದಲ್ಲಿ ಕೂತು, "ನಾನು ಹೇಳಿದ್ದನ್ನ ಹಂಗೇ ಬರಿ" ಎಂದಳು. ಅಲ್ಲೇ ಬರೆದುಕೊಂಡದ್ದನ್ನು ಇಲ್ಲಿ ಹಾಗೇ ಇಳಿಸುತ್ತಿದ್ದೇನೆ:

"ಬಚ್ಚಣ್ಣ, ನಾನು ಕ್ಷಮಿಸಿದೀನಿ ಅಂತ ತಿಳ್ಕೊಬೇಡ. ಕ್ಷಮಿಸಿಲ್ಲ. ಯಾವತ್ತಾದ್ರೂ ಆಗುತ್ತೋ ಇಲ್ವೋ ನಂಗೂ ಗೊತ್ತಿಲ್ಲ. ಆಯ್ತು ಅಂದ್ರೆ ಇವ್ಳ ಕೈಲೇ ಬರೆಸಿ ಕಳಿಸ್ತೀನಿ. ಅಲ್ಲಿಗಂಟ ಸಾಯ್ಬೇಡ."

ರಂಜಿತ